ಹರಿಕಾರನ ಗಂಟು

ಶಿರಸಿ ತಾಲೂಕಿನ ಭೈರುಂಬೆಯಲ್ಲಿ ನಮಗೊಬ್ಬ ಹಿರಿಯ ಮಿತ್ರರಿದ್ದಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಊರಿನವರಿಗೆಲ್ಲ ಅವರು ಮಾಸ್ತರು, ಹಾಗಾಗಿ ನಮಗೂ ಮಾಸ್ತರೇ. ಬೆಳಗಿನ ತೋಟದ ಕೆಲಸ ಮುಗಿಸಿ, ಜಗುಲಿಯಲ್ಲಿ ಕುಳಿತು, ದಿನಪತ್ರಿಕೆಯ ಪದಬಂಧ ಬಿಡಿಸದೆ ಅವರು ಊಟಕ್ಕೆ ಏಳುವುದಿಲ್ಲ. ನಾವು ಕಳೆದ ಸಲ ಹೋದಾಗಲೂ ಅದೇ ದೃಶ್ಯ. ಒಂದು ಕೈಯಲ್ಲಿ ಪೆನ್ಸಿಲ್, ಇನ್ನೊಂದು ಕೈಯಲ್ಲಿ ಮೊಬೈಲು. ಪೆನ್ಸಿಲ್ ಪದಬಂಧಕ್ಕೆ, ಮೊಬೈಲು ಜಗಳಕ್ಕೆ.

ಜಗಳದ ಮೂಲ ನಾವೇ. ಕಿಟೆಲರ ಕನ್ನಡ ನಿಘಂಟಿನ ಮರುಮುದ್ರಣವೊಂದನ್ನು ನಾವು ಅವರಿಗೆ ಪಾರ್ಸೆಲ್ ಮಾಡಿದ್ದೆವು. ಹೊತ್ತುಕೊಂಡು ಬರಲಾರದಷ್ಟು ಭಾರದ ಪುಸ್ತಕ. ಖಾಸಗಿ ಕೊರಿಯರಿನವರಿಗೆ ದುಡ್ಡು ಕೊಟ್ಟು ರಸೀದಿ ಪಡೆದು ಹನ್ನೊಂದು ದಿನವಾಗಿತ್ತು. ಐದನೆಯ ದಿನ ಮಾಸ್ತರ ಮೊಬೈಲಿಗೆ 'ಮನೆಗೆ ಬೀಗ ಹಾಕಿತ್ತು' ಎಂಬ ಸಂದೇಶ ಬಂದಿತ್ತು. ಮಲೆನಾಡಿನ ಮನೆ, ಮೂರು ತಲೆಮಾರು ಒಟ್ಟಿಗಿರುವ ಮನೆ, ಅದಕ್ಕೆ ಬೀಗ ಬಿದ್ದದ್ದನ್ನು ಊರಿನಲ್ಲಿ ಯಾರೂ ಕಂಡವರಿಲ್ಲ. ಎಂಟನೆಯ ದಿನ 'ತಲುಪಿದೆ' ಎಂಬ ಸಂದೇಶ. ಎಲ್ಲಿಗೆ ತಲುಪಿದೆ, ಯಾರಿಗೆ ತಲುಪಿದೆ ಎಂದು ವಿಚಾರಿಸಿದರೆ ಆ ಕಡೆಯ ಹುಡುಗಿ ಹಿಂದಿಯಲ್ಲಿ ಒಂದೇ ಮಾತು ಹೇಳುತ್ತಿದ್ದಳು: ನಮ್ಮಲ್ಲಿ ತಲುಪಿದೆ ಎಂದೇ ತೋರಿಸುತ್ತಿದೆ. ಮಾಸ್ತರು ಫೋನಿಟ್ಟು ಒಳಗೆ ನೋಡಿ "ಪಾರ್ಸೆಲ್ಲು ಇನ್ನೂ ಬೈಂದಿಲ್ಲೆ" ಎಂದು ಮನೆಯವರಿಗೆ ಕೂಗಿ ಹೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, "ನೋಡಿ ಸಾಹೇಬರೇ, ತಲುಪುವುದು ಎಂಬ ಕ್ರಿಯಾಪದದ ಅರ್ಥವೇ ಬದಲಾಗಿ ಹೋಯಿತು. ಕರ್ಮವೂ ಇಲ್ಲ, ಸಂಪ್ರದಾನವೂ ಇಲ್ಲ. ಸುಮ್ಮನೆ ತಲುಪಿದೆ" ಎಂದರು. ವ್ಯಾಕರಣದ ಮಾಸ್ತರಲ್ಲವೆ!

ಹೀಗೆ ಸಿಟ್ಟಿನಲ್ಲಿದ್ದಾಗಲೇ ಪದಬಂಧದ ಒಂದು ಸುಳಿವು ಓದಿದರು: 'ಹೊಸ ದಾರಿ ತೋರಿದವ', ನಾಲ್ಕು ಮನೆ. ಅವರೇ ಬರೆದುಕೊಂಡರು: ಹ, ರಿ, ಕಾ, ರ. ಈ ಪದ ಎಲ್ಲಿಯದು ಗೊತ್ತೇ ಎಂದು ನಾವು ಕೇಳಿದೆವು. ಆ ಮಧ್ಯಾಹ್ನವಿಡೀ ನಡೆದ ಮಾತಿನಿಂದ ಹುಟ್ಟಿದ್ದು ಈ ಬರಹ.

ಇಂದು ಹರಿಕಾರ ಎನ್ನುವುದು ದೊಡ್ಡವರಿಗೆ ಮೀಸಲಾದ ಪದ. ಸಾಮಾಜಿಕ ಕ್ರಾಂತಿಯ ಹರಿಕಾರ ಬಸವಣ್ಣ, ಭೂಸುಧಾರಣೆಯ ಹರಿಕಾರ ದೇವರಾಜ ಅರಸು ಎಂದು ಭಾಷಣ ಕೇಳದ ಕನ್ನಡಿಗನಿಲ್ಲ. ಆದರೆ ಇನ್ನೂರು ವರ್ಷಗಳ ಹಿಂದೆ ಯಾರನ್ನಾದರೂ ಹರಿಕಾರ ಎಂದಿದ್ದರೆ ಆತ ಕಾಗದದ ಗಂಟು ಹೊತ್ತು ಓಡುವ ಆಳು ಎಂದಷ್ಟೇ ಅರ್ಥವಾಗುತ್ತಿತ್ತು. ಫಾರಸಿಯಲ್ಲಿ 'ಹರ್' ಎಂದರೆ ಪ್ರತಿಯೊಂದು, 'ಕಾರ್' ಎಂದರೆ ಕೆಲಸ. ಹರ್ಕಾರಾ ಎಂದರೆ ಎಲ್ಲ ಕೆಲಸಕ್ಕೂ ಒದಗುವವನು. ಓಲೆ ಒಯ್ಯುವವನು, ದಾರಿಯಲ್ಲಿ ಕಂಡದ್ದನ್ನು ದೊರೆಗೆ ವರದಿ ಮಾಡುವವನು, ಬೇಕಾದರೆ ಗೂಢಚಾರ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಎಂಬ ಪ್ರಸಿದ್ಧ ಪದಕೋಶದಲ್ಲಿ ಈ ಪದಕ್ಕೆ ಕೊಟ್ಟಿರುವುದು ಇದೇ ಅರ್ಥ.

ಮಾಸ್ತರು ಒಪ್ಪಲಿಲ್ಲ. ಹಳಗನ್ನಡದ 'ಪರಿ' ಎಂದರೆ ಓಡು. ಪಕಾರ ಹಕಾರವಾಗಿ 'ಹರಿ' ಆಯಿತು. ಹರಿಯುವವನು, ಓಡುವವನು ಹರಿಕಾರ, ಇದು ಅಚ್ಚಗನ್ನಡ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾರೆವು. ನಮ್ಮ ಊಹೆ ಇಷ್ಟೇ: ಫಾರಸಿಯ ಹರ್ಕಾರಾ ಕನ್ನಡಕ್ಕೆ ಬಂದಾಗ ಕನ್ನಡದ ಕಿವಿಗೆ ಅದರಲ್ಲಿ ತನ್ನದೇ ಆದ 'ಹರಿ' ಕೇಳಿಸಿತು. ಓಡುವ ಆಳಿಗೆ ಓಡುವ ಅರ್ಥದ ಧಾತು ಸಿಕ್ಕಿದ ಮೇಲೆ ಪದ ಇಲ್ಲಿಯೇ ಬೇರುಬಿಟ್ಟಿತು. ನಾವು ಪಟ್ಟು ಬಿಡಲಿಲ್ಲ, ಅವರೂ ಬಿಡಲಿಲ್ಲ. ನಡುವೆ ಮಜ್ಜಿಗೆ ಬಂತು.

ಓಡಿ ಸುದ್ದಿ ಮುಟ್ಟಿಸುವ ಈ ವ್ಯವಸ್ಥೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಮೊರಕ್ಕೊದ ಪ್ರವಾಸಿ ಇಬ್ನ್ ಬತೂತಾ ಮುಖ್ಯನು. 1330ರ ದಶಕದಲ್ಲಿ ಸಿಂಧ್ ದಾಟಿ ಬಂದ ಆತನಿಗೆ ಹಿಂದೂಸ್ತಾನದಲ್ಲಿ ಮೊದಲು ಬೆರಗು ಹುಟ್ಟಿಸಿದ ಸಂಗತಿಗಳಲ್ಲಿ ಟಪಾಲು ಒಂದು. ಕುದುರೆ ಟಪಾಲಿಗಿಂತ ಕಾಲ್ನಡೆಯ ಟಪಾಲು ವೇಗದ್ದು ಎನ್ನುತ್ತಾನೆ ಆತ. ಪ್ರತಿ ಮೈಲಿಯನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿಗೂ ಆಳುಗಳನ್ನು ನಿಲ್ಲಿಸಿದ್ದರು. ಓಡುವವನ ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನವನು ಸೊಂಟ ಕಟ್ಟಿ ಸಿದ್ಧನಾಗುತ್ತಿದ್ದ. ಸಿಂಧಿನಿಂದ ದೆಹಲಿಗೆ ಐವತ್ತು ದಿನಗಳ ಹಾದಿ, ಸುದ್ದಿ ತಲುಪಲು ಐದೇ ದಿನ. ಪತ್ರವಷ್ಟೇ ಅಲ್ಲ, ಖುರಾಸಾನಿನ ಹಣ್ಣುಗಳು ತಟ್ಟೆಯಲ್ಲಿ ಹೀಗೆ ಕೈಯಿಂದ ಕೈಗೆ ಸಾಗಿ ಸುಲ್ತಾನನ ಊಟಕ್ಕೆ ಬರುತ್ತಿದ್ದವು. ಸುಲ್ತಾನ ದೌಲತಾಬಾದಿನಲ್ಲಿದ್ದಾಗ ನಲವತ್ತು ದಿನಗಳ ದೂರದ ಗಂಗೆಯಿಂದ ಕುಡಿಯುವ ನೀರು ಸಾಗಿಬರುತ್ತಿತ್ತಂತೆ. ಪಾರ್ಸೆಲ್ ಎಂದರೆ ಇದು! ಒಡೆಯದೆ, ಕೊಳೆಯದೆ, ಹೇಳಿದ ದಿನಕ್ಕೆ. ಸುಲ್ತಾನನ ಮನೆಗೆ ಬೀಗ ಹಾಕಿತ್ತು ಎಂದು ಹೇಳುವ ಧೈರ್ಯ ಯಾರಿಗಿತ್ತು?

ಇದೇ ಬತೂತಾ ಮುಂದೆ 1340ರ ದಶಕದಲ್ಲಿ ಇದೇ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ, ಅಲ್ಲಿನ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ದಾಖಲಿಸಿದ. ಹುಡುಗಿಯರ ಓದಿನ ಬಗ್ಗೆ ಇಂದು ನಮಗೆ ಉಪದೇಶ ಮಾಡುವವರೂ, ನಮ್ಮಲ್ಲೇ ಅದನ್ನು ತಡೆಯುವವರೂ ಒಟ್ಟಿಗೆ ಓದಬೇಕಾದ ಸಾಲುಗಳಿವು. ಇರಲಿ, ಟಪಾಲಿಗೆ ಮರಳೋಣ.

ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, 'ಅಂಚೆ' ಎಂಬ ಹೆಸರಿನ ವ್ಯವಸ್ಥೆ ನೆಲೆಗೊಂಡಿತು. ಹೈದರಲಿ, ಟಿಪ್ಪುವಿನ ಕಾಲದಲ್ಲೂ ಮುಂದುವರಿಯಿತು. ಕಾಗದ ಸಾಗಿಸುವುದರ ಜೊತೆಗೆ ನಾಡಿನ ಸುದ್ದಿ ಬೇಹುಗಳನ್ನು ಅರಮನೆಗೆ ತಿಳಿಸುವುದೂ ಅದರ ಕೆಲಸವಾಗಿತ್ತು. ಬ್ರಿಟಿಷ್ ಇಂಡಿಯಾದ ಟಪಾಲು ಖಾತೆಯಲ್ಲಿ ಅದು ವಿಲೀನವಾದದ್ದು 1889ರಲ್ಲಿ. ಖಾತೆ ಹೋಯಿತು, ಹೆಸರು ಉಳಿಯಿತು. ಇಂದು ಇಡೀ ಕರ್ನಾಟಕದಲ್ಲಿ ಕೆಂಪು ಡಬ್ಬಿಯ ಹೆಸರು ಅಂಚೆ ಪೆಟ್ಟಿಗೆ.

ಶಿರಸಿ ಸೀಮೆಯ ಕಥೆ ಬೇರೆ. ಕೆನರಾ ಜಿಲ್ಲೆಯನ್ನು ಎರಡು ಮಾಡಿ ಉತ್ತರದ ಭಾಗವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಹಾಗಾಗಿ ಇಲ್ಲಿನ ಹಳಬರ ಬಾಯಲ್ಲಿ ಅದು ಟಪಾಲು. ಮರಾಠಿಯಲ್ಲೂ ಟಪಾಲೇ. 1956ರ ಏಕೀಕರಣದ ನಂತರ ಮೈಸೂರಿನ ಕಡೆಯ 'ಅಂಚೆ' ಪಠ್ಯಪುಸ್ತಕದ ಮೂಲಕ, ಫಲಕಗಳ ಮೂಲಕ ಘಟ್ಟದ ಈ ಮೂಲೆಗಳನ್ನೂ ತಲುಪಿತು. ತಮಾಷೆಯೆಂದರೆ ಕನ್ನಡ ವ್ಯಾಕರಣದಲ್ಲಿ 'ಅಂಚೆ' ಎಂದರೆ ಹಂಸ. ಹಂಸದ ತದ್ಭವ ಅಂಚೆ ಎಂದು ಮಾಸ್ತರು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವರು. ನಳನ ಸಂದೇಶವನ್ನು ದಮಯಂತಿಗೆ ಒಯ್ದ ಹಂಸವೇ ಟಪಾಲಿಗೆ ಹೆಸರಾಯಿತೋ, ಇಲ್ಲ ತಮಿಳಿನ 'ಅಂಜಲ್' ಜೊತೆ ಅದರ ನಂಟೋ ಎಂಬುದರಲ್ಲಿ ಬಲ್ಲವರಲ್ಲೇ ಭಿನ್ನಾಭಿಪ್ರಾಯವಿದೆ. ಟಪಾಲು ಎಂಬ ಪದವಾದರೋ ಇಂದು ಸರಕಾರಿ ಕಚೇರಿಯ 'ಟಪಾಲು ಶಾಖೆ'ಯಲ್ಲಿ ನಿವೃತ್ತಿ ಜೀವನ ನಡೆಸುತ್ತಿದೆ.

ನಾವು ಕಳಿಸಿದ ಪೊಟ್ಟಣದ ಮೇಲಿನ ವಿಳಾಸವನ್ನೇ ನೋಡಿ. ಮಾಸ್ತರು ಹೇಳಿಕೊಟ್ಟ ಹಾಗೆಯೇ ಬರೆದಿದ್ದೆವು: ಮು|| ಪೋ|| ಭೈರುಂಬೆ, ತಾ|| ಶಿರಸಿ, ಜಿ|| ಉತ್ತರ ಕನ್ನಡ. 'ಮು' ಎಂದರೆ ಮುಕ್ಕಾಂ, ಅರಬಿಯ ಮಕಾಮ್, ನಿಲ್ಲುವ ಜಾಗ. 'ತಾ' ಎಂದರೆ ತಾಲೂಕು, ಅರಬಿಯಲ್ಲಿ ನಂಟು, ಸಂಬಂಧ. 'ಜಿ' ಎಂದರೆ ಜಿಲ್ಲೆ, ಅರಬಿಯಲ್ಲಿ ಅದರ ಮೂಲಾರ್ಥ ಪಕ್ಕೆಲುಬು, ಪಕ್ಕ. 'ಪೋ' ಎಂಬುದು ಇಂಗ್ಲಿಷಿನ ಪೋಸ್ಟ್. ಇವೆಲ್ಲ ಸೇರಿ ಆಗುವುದು 'ವಿಳಾಸ', ಅದು ಸಂಸ್ಕೃತ. ಆದರೆ ಸಂಸ್ಕೃತದಲ್ಲಿ ವಿಲಾಸ ಎಂದರೆ ಶೃಂಗಾರದ ಒಯ್ಯಾರ, ಲೀಲೆ. ಅದು ಕನ್ನಡದಲ್ಲೂ ತಮಿಳಿನಲ್ಲೂ ಮನೆಯ ಗುರುತಾಗಿ ನಿಂತಿತು. ಹಿಂದಿ ಮರಾಠಿಗಳಲ್ಲಿ ವಿಳಾಸಕ್ಕೆ ಪತಾ, ಪತ್ತಾ ಎನ್ನುತ್ತಾರೆ. ನಮ್ಮಲ್ಲಿ ಪತ್ತೆ ಎಂದರೆ ಕಳೆದದ್ದನ್ನು ಹುಡುಕಿ ತೆಗೆಯುವುದು. ವಿಳಾಸವಿದೆ, ಪತ್ತೆಯಿಲ್ಲ ಎಂದು ಮಾಸ್ತರು ತಮ್ಮ ಪಾರ್ಸೆಲ್ಲಿನ ಸ್ಥಿತಿಯನ್ನು ಎರಡೇ ಪದಗಳಲ್ಲಿ ಹೇಳಿ ಮುಗಿಸಿದರು.

ವಿಳಾಸದ ಕೊನೆಗೆ ಆರು ಅಂಕಿಯ ಪಿನ್. ಶಿರಸಿಯ ಸುತ್ತಿನದೆಲ್ಲ 581ರಿಂದ ಶುರು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ವ್ಯವಸ್ಥೆಯನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತದಲ್ಲಿ ಕಾವ್ಯ ಬರೆಯುತ್ತಿದ್ದ ವಿದ್ವಾಂಸರು. ಒಂದೇ ಹೆಸರಿನ ಊರುಗಳು, ಹತ್ತಾರು ಲಿಪಿಗಳು, ಓದಲು ಬಾರದ ಕೈಬರಹ, ಇವುಗಳ ಗೊಂದಲಕ್ಕೆ ಅವರು ಕಂಡುಕೊಂಡ ಉತ್ತರ ಆರು ಮನೆಗಳ ಒಂದು ಪದಬಂಧ. ಮನೆ ತುಂಬಿಸಿದರೆ ಊರು ಸಿಗುತ್ತದೆ. ಸಿಗಬೇಕು.

ಇನ್ನು ಮಾಸ್ತರ ದೂರಿನ ಮಾತಿಗೆ ಬರೋಣ. ಫೋನಿನಲ್ಲಿ ಅವರು ಆಡಿದ ಮಾತುಗಳನ್ನು ನಾವು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆವು. "ರವಾನೆ ಮಾಡಿದ್ದಕ್ಕೆ ರಸೀದಿ ಉಂಟು. ನಮ್ಮ ತಕರಾರು ದಾಖಲು ಮಾಡಿಕೊಳ್ಳಿ. ಜವಾಬ್ದಾರಿ ಯಾರದು? ಇನ್ನೆಷ್ಟು ವಾಯಿದೆ ಕೊಡಬೇಕು? ನಿಮ್ಮಲ್ಲಿ ಕೆಲಸ ಆಗಲಿಕ್ಕೂ ವಶೀಲಿ ಬೇಕೋ?" ಆ ಹುಡುಗಿಗೆ ಎಷ್ಟು ಅರ್ಥವಾಯಿತೋ! ನಮಗೆ ಮಾತ್ರ ಒಂದು ಸಂಗತಿ ಹೊಳೆಯಿತು. ಅರಬಿ ಫಾರಸಿ ಪದಗಳನ್ನು ತೆಗೆದುಬಿಟ್ಟರೆ ಭೈರುಂಬೆಯ ಹವ್ಯಕ ಮಾಸ್ತರಿಗೆ ಜಗಳವಾಡಲು ಪದಗಳೇ ಉಳಿಯುವುದಿಲ್ಲ.

ತಕರಾರು ಅರಬಿಯ ತಕ್ರಾರ್. ಅದರ ಅರ್ಥ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಹೇಳುವುದು. ಮತ್ತೆ ಮತ್ತೆ ಹೇಳಿದರೆ ಅದು ಆಕ್ಷೇಪಣೆಯೇ ತಾನೆ? ಕೊರಿಯರ್ ಕಂಪನಿಗೆ ಹನ್ನೊಂದು ಸಲ ಫೋನು ಮಾಡಿದ ಮಾಸ್ತರು ಎರಡೂ ಅರ್ಥದಲ್ಲಿ ತಕರಾರು ಮಾಡಿದ್ದರು. ಅಹವಾಲು ಎಂಬುದು 'ಹಾಲ್' ಎಂಬುದರ ಬಹುವಚನ, ಸ್ಥಿತಿಗತಿ ಎಂದಷ್ಟೇ ಅರ್ಥ. ಬಡವನೊಬ್ಬ ಸಾಹುಕಾರನ ಮುಂದೆ ನಿಂತು ತನ್ನ ಸ್ಥಿತಿಗತಿ ಹೇಳಿದರೆ ಅದು ಬೇಡಿಕೆಯಾಗದೆ ಇನ್ನೇನಾಗುತ್ತದೆ? ಕನ್ನಡದಲ್ಲಿ ಅಹವಾಲು ಎಂದರೆ ಕಷ್ಟ ತೋಡಿಕೊಳ್ಳುವುದು ಎಂದಾಯಿತು. ವಾಯಿದೆ ಅರಬಿಯಲ್ಲಿ ವಾದಾ, ಕೊಟ್ಟ ಮಾತು. ನಮ್ಮಲ್ಲಿ ಅದು ಗಡುವು. ಮಾತು ಕೊಟ್ಟವನು ದಿನ ಹೇಳಿದ, ದಿನ ಉಳಿಯಿತು, ಮಾತು ಮರೆತುಹೋಯಿತು. ಬಾಕಿ ಎಂದರೆ ಮೂಲದಲ್ಲಿ ಉಳಿಯುವಂಥದ್ದು, ಅಳಿಯದ್ದು. ಸೊಸೈಟಿಯ ಬಾಕಿಗೆ ಆ ಮೂಲಾರ್ಥವೇ ಸರಿ ಎಂದು ಮಾಸ್ತರು ನಕ್ಕರು.

ಹೆಚ್ಚು ನೋವಿನದು ವಶೀಲಿಯ ಕಥೆ. ಅರಬಿಯ ವಸೀಲಾ ಎಂದರೆ ದೇವರ ಸಾಮೀಪ್ಯಕ್ಕೆ ಒಯ್ಯುವ ದಾರಿ. ಅಜಾನಿನ ನಂತರದ ಪ್ರಾರ್ಥನೆಯಲ್ಲಿ ಪ್ರವಾದಿಯವರಿಗಾಗಿ ಬೇಡುವ ಉನ್ನತ ಸ್ಥಾನದ ಹೆಸರೂ ಅದೇ. ಅದು ಕನ್ನಡಕ್ಕೆ ಬರುವಷ್ಟರಲ್ಲಿ ಮಂತ್ರಿಯ ಭಾವಮೈದುನನ ಶಿಫಾರಸು ಎಂದಾಯಿತು! ಪದ ಕೆಟ್ಟಿತು ಎಂದು ಗೊಣಗುವುದು ಸುಲಭ. ಕಚೇರಿಯ ಬಾಗಿಲಲ್ಲಿ ನಿಂತವನಿಗೆ ಒಳಗಿನ ದೊರೆ ದೇವರಷ್ಟೇ ದೂರವಾಗಿದ್ದ ಎಂಬುದನ್ನೂ ಈ ಅರ್ಥಾಂತರ ಹೇಳುತ್ತದಲ್ಲವೆ?

ರಸೀದಿ ಮತ್ತು ವಸೂಲಿ ನಮ್ಮ ಪ್ರಕರಣಕ್ಕೆ ನೇರವಾಗಿ ಸಂಬಂಧಪಟ್ಟವು. ಫಾರಸಿಯಲ್ಲಿ 'ರಸೀದ್' ಎಂದರೆ ತಲುಪಿತು. ಅರಬಿಯಲ್ಲಿ 'ವುಸೂಲ್' ಎಂದರೆ ತಲುಪುವುದು. ಅಂದರೆ ಅಂದಿನ ರಸೀದಿ ವಸ್ತು ಮುಟ್ಟಿದ ಮೇಲೆ ಪಡೆದವನು ಕೊಡುತ್ತಿದ್ದ ಚೀಟಿ. ಇಂದಿನದು ವಸ್ತು ಹೊರಡುವ ಮೊದಲೇ ದುಡ್ಡು ಮುಟ್ಟಿದ್ದಕ್ಕೆ ಕೊಡುವ ಚೀಟಿ. ತಲುಪಿದ್ದು ನಮ್ಮ ದುಡ್ಡು ಮಾತ್ರ. ಆ ಲೆಕ್ಕದಲ್ಲಿ ಕಂಪನಿಯ 'ತಲುಪಿದೆ' ಸುಳ್ಳಲ್ಲ.

ಈ ಪದಗಳನ್ನೆಲ್ಲ ಕನ್ನಡದ ಹಳ್ಳಿಗೆ ಹೊತ್ತು ತಂದವರು ಯಾರು? ದಾಳಿಕೋರರ ಭಾಷೆ ನಮ್ಮ ಮೇಲೆ ಹೇರಲಾಯಿತು ಎಂದು ಹೇಳುವವರಿದ್ದಾರೆ. ಚರಿತ್ರೆ ಅಷ್ಟು ಸರಳವಲ್ಲ. ಬಿಜಾಪುರದ ಒಂದನೆಯ ಇಬ್ರಾಹಿಂ ಆದಿಲಶಾಹಿ 1534ರಿಂದ 1558ರವರೆಗೆ ಆಳಿದವನು. ಆತ ಕಂದಾಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ಬದಲಿಸಿ ಬ್ರಾಹ್ಮಣ ಅಧಿಕಾರಿಗಳ ಕೈಗೊಪ್ಪಿಸಿದ ಎಂದು ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ. ಭಾಷೆ ಬದಲಾಯಿತು, ಕಾರಭಾರದ ಪದಗಳು ಬದಲಾಗಲಿಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ತಾರೀಖು ಇವು ಕುಲಕರ್ಣಿಯ, ಶ್ಯಾನುಭೋಗನ ಲೇಖನಿಯಿಂದ ಇಳಿದು ರೈತನ ಬಾಯಿಗೆ ಬಂದವು. ಖಡ್ಗಕ್ಕಿಂತ ಕಡತ ದೊಡ್ಡ ಹರಿಕಾರ! 1670ರ ದಶಕದಲ್ಲಿ ಶಿವಾಜಿ ಮಹಾರಾಜರು ಫಾರಸಿ ಆಡಳಿತ ಪದಗಳಿಗೆ ಸಂಸ್ಕೃತದ ಪದಗಳನ್ನು ಹೊಂದಿಸಿ 'ರಾಜವ್ಯವಹಾರಕೋಶ' ಬರೆಸಿದರು. ಗಂಭೀರವಾದ ಪ್ರಯತ್ನ ಅದು. ಆದರೂ ಇಂದಿನ ಮರಾಠಿಯಲ್ಲಿ ಫಾರಸಿ ಪದಗಳಿಗೆ ಬರವಿಲ್ಲ. ಪದ ಒಮ್ಮೆ ಮನೆಯೊಳಗೆ ಬಂದು ಕೆಲಸ ಮಾಡತೊಡಗಿದರೆ ಅದನ್ನು ಕಳಿಸುವುದು ಅರಸನಿಗೂ ಸಾಧ್ಯವಿಲ್ಲ. 1894ರ ಕಿಟೆಲ್ ನಿಘಂಟು ಇಂಥ ಪದಗಳಿಗೆ ಎಲ್ಲಿಂದ ಬಂದವೆಂಬ ಗುರುತು ಹಾಕಿ ಒಳಗೆ ಕೂರಿಸಿಕೊಂಡಿತು, ಹೊರಗೆ ನಿಲ್ಲಿಸಲಿಲ್ಲ. ಆ ನಿಘಂಟೇ ಈಗ ಎಲ್ಲೋ ದಾರಿಯಲ್ಲಿ ಕಳೆದುಹೋಗಿತ್ತು ಎಂಬುದು ಬೇರೆ ಮಾತು.

ಅರ್ಥ ಬದಲಿಸುವುದು ಹೊರಗಿನ ಪದಗಳ ಚಾಳಿ ಮಾತ್ರ ಎಂದುಕೊಳ್ಳಬೇಕಿಲ್ಲ. ಓಲೆ ಎಂದರೆ ತಾಳೆಗರಿ. ಅದು ಪತ್ರವಾಯಿತು, ಹೆಂಗಸರ ಕಿವಿಯಲ್ಲಿ ಆಭರಣವೂ ಆಯಿತು. ಇಂಗ್ಲಿಷಿನ ಕೊರಿಯರ್ ಎಂದರೆ ಓಡುವ ಮನುಷ್ಯ. ನಮ್ಮಲ್ಲಿ 'ಕೊರಿಯರ್ ಬಂತು' ಎಂದರೆ ಬಂದದ್ದು ಪೊಟ್ಟಣ. ಶಿರಸಿಯ ಯಾವುದೇ ಹೋಟೆಲಿನಲ್ಲಿ ಪಾರ್ಸೆಲ್ ಎಂದರೆ ಮನೆಗೆ ಕಟ್ಟಿಕೊಡುವ ಇಡ್ಲಿ.

ಮಾಸ್ತರು ನಮ್ಮನ್ನು ಸಾಹೇಬರೇ ಎನ್ನುತ್ತಾರೆ. ಆ ಪದದ ಮೂಲವನ್ನೂ ಅಂದು ಹೇಳಿದೆವು. ಸಾಹಿಬ್ ಎಂದರೆ ಅರಬಿಯಲ್ಲಿ ಒಡನಾಡಿ, ಸಂಗಾತಿ. ಹಿಂದೂಸ್ತಾನದಲ್ಲಿ ಅದು ಒಡೆಯನಾಯಿತು, ಕಂಪನಿಯ ಕಾಲದಲ್ಲಿ ಬಿಳಿಯ ಅಧಿಕಾರಿಯಾಯಿತು, ಕನ್ನಡದ ಊರುಗಳಲ್ಲಿ ಮುಸ್ಲಿಮನೆಂಬ ಗುರುತಾಯಿತು. ಬಾಲ ಕತ್ತರಿಸಿದರೆ ಸಾಬ, ಅದು ಬಸ್ಸಿನಲ್ಲಿ, ಸಂತೆಯಲ್ಲಿ ಯಾವ ದನಿಯಲ್ಲಿ ಬರುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಇಷ್ಟು ವರ್ಷ ಸರಿಯಾದ ಅರ್ಥದಲ್ಲೇ ಕರೆದಿದ್ದೇನೆ" ಎಂದರು.

ಹರಿಕಾರನ ವಿಷಯದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಪದ ಮೇಲಕ್ಕೇರಿತು, ಹೊತ್ತವನು ಕೆಳಗೇ ಉಳಿದ. ಸುದ್ದಿ ಹಿಡಿದು ಎಲ್ಲರಿಗಿಂತ ಮುಂದೆ ಬರುವವನು ಎಂಬುದರಿಂದ ಹೊಸ ಕಾಲವನ್ನು ಮುಂದಾಗಿ ತರುವವನು ಎಂಬ ಅರ್ಥಕ್ಕೆ ಹೋಗುವುದು ಒಂದೇ ಜಿಗಿತ. ಎರಡೂ ಅರ್ಥಕ್ಕೆ ಒಪ್ಪುವ ಒಬ್ಬರು ನಮ್ಮಲ್ಲಿದ್ದರು. ಗಳಗನಾಥರು (1869-1942) ಕನ್ನಡ ಕಾದಂಬರಿಯ ಹರಿಕಾರರು ಹೌದು, ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದ ಹರಿಕಾರರೂ ಹೌದು. ಪುಸ್ತಕ ಪಡೆದು ಹಣ ಕೊಡುವ ವಿ.ಪಿ. ಪದ್ಧತಿ ಭಾರತದಲ್ಲಿ 1877ರಲ್ಲೇ ಬಂದಿತ್ತು. ಇಂದಿನ 'ಕ್ಯಾಶ್ ಆನ್ ಡೆಲಿವರಿ' ಅದರ ಮೊಮ್ಮಗ. ಆದರೆ ವಿ.ಪಿ.ಯೂ ಹೋಗಲಾರದ ಓದುಗರ ಬಾಗಿಲಿಗೆ ಗಳಗನಾಥರ ಕಾಲು ಹೋಗುತ್ತಿತ್ತು.

ಉಳಿದ ಹರಿಕಾರರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ, ಮಳೆಗಾಲದ ಹಳ್ಳಗಳನ್ನು ದಾಟಿ ಶಿರಸಿ ಸೀಮೆಗೆ ಕಾಗದ ಬರಬೇಕಿದ್ದರೆ ಯಾರೋ ಒಬ್ಬರು ಹೊತ್ತಿರಲೇಬೇಕು. ಇಂದು ಅವರ ವಾರಸುದಾರರು ಗ್ರಾಮೀಣ ಡಾಕ್ ಸೇವಕರು. ಹಳ್ಳಿಯ ಶಾಖಾ ಅಂಚೆ ಕಚೇರಿ ನಡೆಯುವುದು ಅವರಿಂದ, ಆದರೆ ಅವರು ಇಲಾಖೆಯ ಪೂರ್ಣ ನೌಕರರಲ್ಲ. ಸಂಬಳದ ಪರಿಷ್ಕರಣೆಗಾಗಿ 2018ರ ಮೇ ತಿಂಗಳಲ್ಲಿ ದೇಶದಾದ್ಯಂತ ಮುಷ್ಕರ ಹೂಡಿ ಎರಡು ವಾರಕ್ಕೂ ಹೆಚ್ಚು ಕಾಲ ಕೂತಾಗಲೇ ಹಳ್ಳಿಯ ಟಪಾಲು ಎಂಥವರ ಹೆಗಲ ಮೇಲಿದೆ ಎಂದು ಪಟ್ಟಣದವರಿಗೆ ತಿಳಿದದ್ದು. ಇನ್ನೊಂದು ಕಡೆ ಬೈಕಿನ ಹಿಂದೆ ಚೀಲ ಕಟ್ಟಿಕೊಂಡ ಹುಡುಗರಿದ್ದಾರೆ. ಅವರನ್ನು ಕಂಪನಿಗಳು ನೌಕರರೆನ್ನದೆ ಪಾಲುದಾರರು ಎನ್ನುತ್ತವೆ. ಲಾಭದಲ್ಲಿ ಪಾಲಿಲ್ಲದ ಪಾಲುದಾರ! ಅರ್ಥ ಬದಲಾವಣೆಯ ಚರಿತ್ರೆಯಲ್ಲಿ ಇಷ್ಟು ನಾಚಿಕೆಗೆಟ್ಟ ಉದಾಹರಣೆ ನಮಗೆ ಬೇರೆ ಸಿಕ್ಕಿಲ್ಲ. ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆಯನ್ನೇನೋ ಮಾಡಿದೆ.

ಮಾಸ್ತರ ಪಾರ್ಸೆಲ್ ಸಿಕ್ಕಿತು. ಶಿರಸಿಯ ಒಂದು ಅಂಗಡಿಯಲ್ಲಿ ಮೂರು ದಿನದಿಂದ ಬಿದ್ದಿತ್ತಂತೆ. ಚಿಲ್ಲರೆ ದುಡ್ಡಿಗೆ ಹಳ್ಳಿಯ ತನಕ ಬೈಕು ಓಡಿಸಿದರೆ ಪೆಟ್ರೋಲಿಗೂ ಸಾಲದೆಂದು ಹುಡುಗ ಅಲ್ಲಿಟ್ಟು 'ತಲುಪಿದೆ' ಎಂದು ಒತ್ತಿದ್ದ. ಸಂಜೆಯ ಬಸ್ಸಿನಲ್ಲಿ ಪರಿಚಯದ ಒಬ್ಬರು ಅದನ್ನು ತಂದುಕೊಟ್ಟರು. ಮಾಸ್ತರು ಅವರಿಗೆ ಚಹಾ ಕೊಟ್ಟು, ಹೊದಿಕೆ ಹರಿದು, ಕನ್ನಡಕ ಹಾಕಿಕೊಂಡು ಮೊದಲು ಹುಡುಕಿದ್ದು ಹಕಾರದ ಪುಟ.